ಗಿಳಿಗೆ ಎಂತಹ ಪಂಜರವು ತಕ್ಕುದು?

ಪಕ್ಷಿಯನ್ನು ಸಾಕಬೇಕೆಂಬ ಆಸೆಯು ಮಕ್ಕಳಲ್ಲಿ ಹುಟ್ಟುವುದು. ಪಂಜರಕ್ಕೆ ಕೊಡುವ ಹಣವು ಯಜಮಾನನ ಕೈಯಿಂದ ಹೋಗುವುದು. ಪ್ರತಿದಿನವೂ ಅದನ್ನು ತೊಳೆಯುವ ಕೆಲಸವು ಮಾತ್ರ ಆಸೆಪಟ್ಟವರಿಗೂ ಹಣ ಕೊಟ್ಟವರಿಗೂ ಸೇರದೆ ಮನೆಯ ಹೆಂಗಸರ ಪಾಲಿಗೆ ಬರುವುದು. ಇದು ಬಹುಮಂದಿ ಗೃಹಸ್ಥರು ಬಲ್ಲ ಸಂಗತಿಯೇ. ಆದಕಾರಣ ಪಂಜರದ ವಿಚಾರವಾಗಿ ಸಲಹೆ ಕೇಳುವವರಿಗೆ ನಾವು ಮೊದಲು ಹೇಳುವ ಮಾತು ಇಷ್ಟೆ: ನೋಡುವ ಕಣ್ಣಿಗಾಗಿ ಪಂಜರವನ್ನು ಆರಿಸಬೇಡಿರಿ, ತೊಳೆಯುವ ಕೈಗಾಗಿ ಆರಿಸಿರಿ.

ಬಾಣಭಟ್ಟನ ಕಾದಂಬರಿಯಲ್ಲಿ ಶೂದ್ರಕರಾಜನ ಸಭೆಗೆ ಬರುವ ಗಿಳಿಯ ಪಂಜರವು ಚಿನ್ನದ ಸರಳುಗಳದು. ಒಳಗಿರುವ ಪಕ್ಷಿಯ ಹಸುರು ಕಾಂತಿಯಿಂದ ಅದು ಪಚ್ಚೆಯದೆಂಬಂತೆ ತೋರುತ್ತಿದ್ದಿತಂತೆ. ಕವಿಗೆ ಪಂಜರದ ಶೋಭೆಯೇ ಸಾಕು. ಗೃಹಸ್ಥನಿಗಾದರೋ ಅದರ ತಳವೂ ಮೂಲೆಗಳೂ ಮುಖ್ಯವಾದುವು.

ಪಂಜರದ ಮಾತಿಗೆ ಮುನ್ನ ಪಕ್ಷಿಯ ಮಾತೊಂದನ್ನು ಹೇಳಲೇಬೇಕು. ನಮ್ಮ ತೋಟ ಹೊಲಗಳಲ್ಲಿ ಹಾರಾಡುವ, ಕೊರಳಲ್ಲಿ ಕೆಂಪು ಪಟ್ಟಿಯುಳ್ಳ ಹಸುರು ಗಿಳಿಯನ್ನಾಗಲಿ, ಈ ದೇಶದ ಬೇರೆ ಯಾವ ಕಾಡುಗಿಳಿಯನ್ನಾಗಲಿ ಹಿಡಿಯುವುದೂ ಮಾರುವುದೂ ಮನೆಯಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವು. ನಮ್ಮ ಅಜ್ಜಂದಿರ ಮನೆಗಳಲ್ಲಿ ಗಿಳಿಯಿದ್ದಿತೆಂಬುದು ಈಗ ಸಮಾಧಾನವಾಗಲಾರದು. ಇಂದು ಮನೆಗಳಲ್ಲಿ ಸಾಕತಕ್ಕವು ಆಸ್ಟ್ರೇಲಿಯಾ ಮೂಲದ, ಪಂಜರದಲ್ಲಿಯೇ ಹುಟ್ಟಿ ಬೆಳೆದ ಬಜರಿಗಾರ್ ಮತ್ತು ಕಾಕಟೀಲ್ ಎಂಬ ಸಣ್ಣ ಗಿಳಿಗಳು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪಕ್ಷಿಗಳು ಬಹುಮಟ್ಟಿಗೆ ಈ ಬಜರಿಗಾರ್‌ಗಳೇ. ಆಫ್ರಿಕದ ಬೂದುಗಿಳಿ ಮೊದಲಾದ ಕೆಲವು ಪರದೇಶದ ಗಿಳಿಗಳನ್ನು ಇಟ್ಟುಕೊಳ್ಳುವವರು, ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಸರ್ಕಾರದಲ್ಲಿ ನೋಂದಾಯಿಸತಕ್ಕದ್ದು.

ಇನ್ನು ಶೌಚದ ವಿಚಾರ. ಮರದ ಮೇಲಿನ ಪಕ್ಷಿಯು ಒಂದು ಕೊಂಬೆಯು ಮಲಿನವಾದರೆ ಇನ್ನೊಂದಕ್ಕೆ ಹಾರುವುದು. ಉಳಿದುದನ್ನು ಮಳೆಯೂ ಬಿಸಿಲೂ ನೋಡಿಕೊಳ್ಳುವುವು. ಪಂಜರದ ಪಕ್ಷಿಗೆ ಆ ಸ್ವಾತಂತ್ರ್ಯವಿಲ್ಲ. ಉಂಡ ಎಡೆಯಲ್ಲಿಯೇ ಅದರ ಹಿಕ್ಕೆಯೂ ಬೀಳುವುದು. ಆ ಹಿಕ್ಕೆಯು ಒಣಗಿ ಪುಡಿಯಾಗಿ ಗಾಳಿಯಲ್ಲಿ ಸೇರಿದರೆ ಕೇಡು ಪಕ್ಷಿಗೆ ಮಾತ್ರವಲ್ಲ. ಗಿಳಿಗಳಿಂದ ಮನುಷ್ಯರಿಗೆ ಅಂಟುವ ಸಿಟ್ಟಕೋಸಿಸ್ ಎಂಬ ಜ್ವರವೊಂದುಂಟು. 1929–30ರಲ್ಲಿ ಅದು ಯೂರೋಪು ಅಮೆರಿಕಗಳ ಅನೇಕ ಮನೆಗಳಲ್ಲಿ ಹರಡಿ ಪ್ರಾಣಹಾನಿಯನ್ನು ಉಂಟುಮಾಡಿದಾಗ, ದಕ್ಷಿಣ ಅಮೆರಿಕದಿಂದ ತರಿಸಿದ ಗಿಳಿಗಳೇ ಅದಕ್ಕೆ ಕಾರಣವೆಂದು ಕಂಡುಬಂದಿತು. ರೋಗಾಣುವುಳ್ಳ ಪಕ್ಷಿಯು ಕೆಲವು ವೇಳೆ ಆರೋಗ್ಯವಾಗಿಯೇ ತೋರುವುದು. ಇಂದು ಇದಕ್ಕೆ ಒಳ್ಳೆಯ ಔಷಧಗಳಿವೆ, ಹೆದರಬೇಕಾದುದಿಲ್ಲ. ಆದರೆ ಪಕ್ಷಿಯಿರುವ ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದು ನಿಂತರೆ, ಮನೆಯಲ್ಲಿ ಗಿಳಿಯಿದೆಯೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪಂಜರದ ಆಕಾರವನ್ನು ಮೊದಲು ನೋಡೋಣ. ಅಂಗಡಿಯಲ್ಲಿ ಗೋಪುರದಂತಹ ಗುಂಡುಪಂಜರವು ಮನಸ್ಸನ್ನು ಸೆಳೆಯುವುದು. ಅದರ ಕಂಬಿಗಳೆಲ್ಲ ಮೇಲೆ ಒಂದೇ ಎಡೆಯಲ್ಲಿ ಕೂಡುವುದರಿಂದ ಅಲ್ಲಿ ಕೊಳೆಯು ನಿಲ್ಲುವುದು. ಪಕ್ಷಿಯ ಬೆರಳು ಸಿಕ್ಕಿಕೊಳ್ಳುವ ಭಯವೂ ಉಂಟು. ಬಳ್ಳಿ ಹೂವುಗಳ ತಂತಿಕೆಲಸವು ಹೆಚ್ಚಿದಷ್ಟೂ ಉಜ್ಜುವವರ ಶ್ರಮವು ಹೆಚ್ಚುವುದು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯು ಇಂತಹ ಪಂಜರಗಳಿಗೆ ಸಲ್ಲುವುದು. ನೇರವಾದ ಗೋಡೆಗಳ, ಸಪಾಟಾದ ಮಾಡಿನ, ಉದ್ದವಾದ ಪೆಟ್ಟಿಗೆಯಾಕಾರವೇ ಲೇಸು. ಪಕ್ಷಿಯು ಅಡ್ಡಲಾಗಿ ಹಾರತಕ್ಕದ್ದಾದ್ದರಿಂದ ಎತ್ತರಕ್ಕಿಂತ ಉದ್ದವು ಹೆಚ್ಚಿರಬೇಕು. ಒಂದು ಜೊತೆ ಬಜರಿಗಾರ್‌ಗಳಿಗೆ 30 ಅಂಗುಲ ಉದ್ದಕ್ಕೂ, 18 ಅಂಗುಲ ಅಗಲ ಎತ್ತರಗಳಿಗೂ ಕಡಮೆಯಾಗದಿರಲಿ. ಕಾಕಟೀಲ್‌ಗೆ ಇದಕ್ಕಿಂತ ದೊಡ್ಡದು ಬೇಕು. ಕಂಬಿಗಳ ನಡುವಣ ಸಂದು ಬಜರಿಗಾರ್‌ಗೆ ಅರ್ಧ ಅಂಗುಲವನ್ನೂ ಕಾಕಟೀಲ್‌ಗೆ ಮುಕ್ಕಾಲು ಅಂಗುಲವನ್ನೂ ಮೀರಬಾರದು. ಮೀರಿದರೆ ಪಕ್ಷಿಯು ತಲೆಯನ್ನು ತೂರಿಸಿ ಸಿಕ್ಕಿಕೊಳ್ಳುವುದು.

ಲೋಹದ ವಿಚಾರದಲ್ಲಿ ಹೆಚ್ಚಿನ ಎಚ್ಚರವು ಅವಶ್ಯಕ. ಬಿದಿರು ಮತ್ತು ಮರದ ಪಂಜರಗಳು ತೇವವನ್ನೂ ನಾತವನ್ನೂ ಹೀರಿಕೊಳ್ಳುವುವು. ಗಿಳಿಯು ಅವನ್ನು ಕಡಿದೂ ಹಾಕುವುದು. ಸತುವಿನ ಲೇಪವುಳ್ಳ ಅಗ್ಗದ ತಂತಿಯು ಹೊಸದರಲ್ಲಿ ಬೆಳ್ಳಿಯಂತೆ ಹೊಳೆದರೂ, ಕಂಬಿಯನ್ನು ಸದಾ ಕಡಿಯುವ ಸ್ವಭಾವದ ಗಿಳಿಗೆ ಆ ಸತುವೇ ವಿಷವಾಗಬಲ್ಲುದು. ಸುಲಿಯುವ ಬಣ್ಣವೂ ಹಾಗೆಯೇ. ಅದರಲ್ಲಿ ಸೀಸವಿದ್ದರಂತೂ ಪ್ರಾಣಾಪಾಯವು. ಸ್ಟೇನ್‌ಲೆಸ್ ಸ್ಟೀಲಿನ ಪಂಜರಕ್ಕೆ ಬೆಲೆ ಹೆಚ್ಚಾದರೂ ತುಕ್ಕು ಹಿಡಿಯದು, ಬಿಸಿನೀರಿಗೆ ಹೆದರದು, ಬಹುಕಾಲ ಬಾಳುವುದು. ಅಷ್ಟು ಶಕ್ತಿಯಿಲ್ಲದವರು ಗಟ್ಟಿಯಾಗಿ ಅಂಟಿದ, ಸುಲಿಯದ ಪುಡಿಬಣ್ಣದ ಲೇಪವುಳ್ಳ ಕಬ್ಬಿಣದ್ದನ್ನು ಕೊಳ್ಳಬಹುದು.

ತೊಳೆಯುವವರ ಪಾಲಿಗೆ ಪಂಜರದ ಹೃದಯವೆಂದರೆ ಅದರ ತಳದ ತಟ್ಟೆ. ಅದು ಪಂಜರದ ಬಾಗಿಲನ್ನು ತೆರೆಯದೆ ಹೊರಗಿನಿಂದಲೇ ಜಾರಿ ಬರುವಂತಿರಬೇಕು. ಅದರ ಮೇಲೊಂದು ಜಾಲರಿಯಿದ್ದರೆ ಪಕ್ಷಿಯು ಹಿಕ್ಕೆಯನ್ನು ತುಳಿಯಲಾರದು, ತಟ್ಟೆಯನ್ನು ಎಳೆದಾಗ ತಪ್ಪಿಸಿಕೊಳ್ಳಲಾರದು. ಆ ಜಾಲರಿಯೂ ಬೇರೆಯಾಗಿ ಹೊರಬರತಕ್ಕದ್ದು. ತಟ್ಟೆಯಲ್ಲಿ ಮರದ ಹೊಟ್ಟನ್ನೋ ಮರಳನ್ನೋ ಹರಡುವುದಕ್ಕಿಂತ ಹಳೆಯ ವೃತ್ತಪತ್ರಿಕೆಯನ್ನು ಹಾಸುವುದು ಉತ್ತಮವು. ದಿನದಿನವೂ ಕಾಗದವನ್ನು ಮಡಿಸಿ ಎಸೆದರಾಯಿತು. ಮಿಗಿಲಾಗಿ, ಹಿಕ್ಕೆಯೇ ಪಕ್ಷಿಯ ನಾಡಿ. ಅದರ ಬಣ್ಣವೂ ಪ್ರಮಾಣವೂ ಬದಲಾದರೆ ಕಾಗದದ ಮೇಲೆ ಒಡನೆಯೇ ಕಾಣುವುದು. ಪಕ್ಷಿಯು ರೋಗವನ್ನು ಕೊನೆಯವರೆಗೂ ಮರೆಮಾಡುವ ಪ್ರಾಣಿ. ಕಾಗದವನ್ನು ತೆಗೆಯುವ ಕೈಯೇ ಅದರ ಮೊದಲನೆಯ ವೈದ್ಯ.

ಕಾಳಿನ ಮತ್ತು ನೀರಿನ ಬಟ್ಟಲುಗಳು ಹೊರಗಿನಿಂದಲೇ ತೆಗೆಯಲು ಬರುವಂತಹವೂ ಮೂಲೆಗಳಿಲ್ಲದ ಉಕ್ಕಿನವೂ ಆಗಿರಲಿ. ಕೂರುವ ಕೋಲುಗಳು ಅವುಗಳ ನೇರಕ್ಕೆ ಮೇಲಿರಬಾರದು. ಇದ್ದರೆ ಹಿಕ್ಕೆಯು ಅನ್ನದಲ್ಲಿಯೇ ಬೀಳುವುದು. ಕೋಲಿಗೆ ಬೇವಿನ ಅಥವಾ ಸೀಬೆಯ ಕೊಂಬೆಯು ಯುಕ್ತವು. ಮಲಿನವಾದಾಗ ಎಸೆದು ಬೇರೆಯದನ್ನು ಕಟ್ಟಬಹುದು.

ಬಟ್ಟಲುಗಳನ್ನೂ ಕಾಗದವನ್ನೂ ದಿನಕ್ಕೊಮ್ಮೆ, ತಟ್ಟೆ ಜಾಲರಿಗಳನ್ನು ವಾರಕ್ಕೊಮ್ಮೆ, ಇಡೀ ಪಂಜರವನ್ನು ತಿಂಗಳಿಗೊಮ್ಮೆ ಸಾಬೂನಿನ ಬಿಸಿನೀರಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಒದ್ದೆಯಾದ ಕಾಳು ಬೇಗನೆ ಬೂಷ್ಟು ಹಿಡಿಯುವುದರಿಂದ ಆಗ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಒಣಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು. ಮೊದಲು ನೀರು ಚಿಮುಕಿಸಿ, ನೆನೆದ ಮೇಲೆ, ಮೂಗಿಗೆ ಬಟ್ಟೆಯನ್ನು ಕಟ್ಟಿಕೊಂಡು ಒರಸಬೇಕು. ಪಕ್ಷಿಯು ಒಳಗಿರುವಾಗ ಫಿನೈಲು ಸರ್ವಥಾ ಕೂಡದು. ಪಂಜರವನ್ನು ಅಡಿಗೆಮನೆಯಲ್ಲಿಡುವುದೂ ತಪ್ಪು. ಹೊಗೆಯಷ್ಟೇ ಅಲ್ಲ, ಅಂಟದ ಲೇಪವುಳ್ಳ ಬಾಣಲೆಯು ಅತಿಯಾಗಿ ಕಾದರೆ ಹೊರಡುವ ಆವಿಯೂ ಪಕ್ಷಿಯನ್ನು ಗಳಿಗೆಯಲ್ಲಿ ಕೊಲ್ಲಬಲ್ಲುದು.

ಕೊಳ್ಳುವ ದಿನ ಅಂಗಡಿಗೆ, ಪಂಜರವನ್ನು ಯಾರು ತೊಳೆಯುವರೋ ಅವರನ್ನೇ ಕರೆದೊಯ್ಯಿರಿ. ಅವರು ತಟ್ಟೆಯನ್ನು ಒಂದು ಕೈಯಿಂದ ಎಳೆದು ನೋಡಲಿ. ಬಟ್ಟಲುಗಳನ್ನು ತೆಗೆದು ಇಡಲಿ. ಬಾಗಿಲಿನಿಂದ ಕೈಯನ್ನು ಹಾಕಿ ನಾಲ್ಕು ಮೂಲೆಗಳನ್ನೂ ಮುಟ್ಟಲಿ. ಕೈಗೆ ಎಟುಕದ ಮೂಲೆಯೊಂದಿದ್ದರೆ, ಬೆಲೆ ಎಷ್ಟೇ ಸುಲಭವಾಗಿರಲಿ, ಆ ಪಂಜರವನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ದಿನವೂ ಹತ್ತು ನಿಮಿಷ ಕೊಡುವವರು ಮನೆಯಲ್ಲಿ ಯಾರೂ ಇಲ್ಲವೆಂದು ತೋರಿದರೆ ಪಕ್ಷಿಯನ್ನೂ ತರಬೇಡಿರಿ. ಅಂಗಳದಲ್ಲೊಂದು ಸೀಬೆಯ ಗಿಡವನ್ನು ನೆಟ್ಟರೆ ಹಸುರು ಗಿಳಿಗಳು ತಾವಾಗಿಯೇ ಬಂದು ಹೋಗುವುವು. ಅವುಗಳಿಗೆ ಪಂಜರವೂ ಬೇಡ, ತೊಳೆಯುವವರೂ ಬೇಡ.