ಕಪಿಲಾ ಸೀಮೆಯ ಭತ್ತವೂ ಜಿನೀವಾದ ಲೆಕ್ಕವೂ

ಜಿನೀವಾ ನಗರದಲ್ಲಿ ರಾಷ್ಟ್ರಗಳು ನಡೆಸುವ ವ್ಯಾಪಾರ ಸಂಧಾನಗಳಿಗೂ ಕಪಿಲೆಯ ನೀರುಂಡು ಬೆಳೆವ ನಂಜನಗೂಡು, ನರಸೀಪುರ ಸೀಮೆಯ ಭತ್ತಕ್ಕೂ ಸಂಬಂಧವೇನೆಂದು ದೇವನೂರಿನ ರೈತರು ಕೇಳಿದರೆ, ಆ ಪ್ರಶ್ನೆಯು ನ್ಯಾಯವಾದುದೇ ಸರಿ. ಸಂಬಂಧವು ನಿಕಟವಾದುದೆಂದು ನಾವು ಹೇಳಬೇಕಾಗಿದೆ. ಸರ್ಕಾರದವರು ಬೆಂಬಲ ಬೆಲೆಗೆ ಭತ್ತವನ್ನು ಕೊಂಡು ನ್ಯಾಯಬೆಲೆ ಅಂಗಡಿಗಳಲ್ಲಿ ಬಡವರಿಗೆ ಅಕ್ಕಿ ಹಂಚುವ ಕಾರ್ಯಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದವು ಮಿತಿ ಹಾಕಿದೆ.

1995ರಲ್ಲಿ ಜಾರಿಗೆ ಬಂದ ಆ ಒಪ್ಪಂದದಂತೆ, ನಮ್ಮಂತಹ ರಾಷ್ಟ್ರವು ಒಂದು ಬೆಳೆಗೆ ಕೊಡುವ ಇಂತಹ ನೆರವು ಆ ಬೆಳೆಯ ಒಟ್ಟು ಮೌಲ್ಯದಲ್ಲಿ ನೂರಕ್ಕೆ 10ನ್ನು ಮೀರಕೂಡದು. ನೆರವನ್ನು ಅಳೆಯುವುದಾದರೋ 1986–88ರ ಬೆಲೆಯ ಮೇಲೆ. 2025–26ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2369 ರೂಪಾಯಿ. ಗೊಬ್ಬರ, ಕೂಲಿ, ಉಳುಮೆ ಎಲ್ಲವೂ ಏರಿದುವು. ಅಳತೆಗೋಲು ಮಾತ್ರ ಕದಲಲಿಲ್ಲ. ಇಂತಹ ಗೋಲಿನಿಂದ ಅಳೆದರೆ ಯಾರು ತಪ್ಪಿತಸ್ಥರಾಗರು? 2018–19ರಲ್ಲಿ ಭಾರತದ ಅಕ್ಕಿಯ ಲೆಕ್ಕವು ಮಿತಿಯನ್ನು ದಾಟಿತು.

ಆದಾಗ್ಯೂ ನಮ್ಮ ಮೇಲೆ ವ್ಯಾಜ್ಯ ಬೀಳದಂತೆ ತಡೆದುದು ಹಲವು ರಾಷ್ಟ್ರಗಳ ಒಗ್ಗಟ್ಟು. ಇಂಡೊನೇಷ್ಯಾದ ಮುಂದಾಳ್ತನದ ಜಿ–33 ಕೂಟವು ಈ ವಿಷಯವನ್ನೆತ್ತಿದ ಫಲವಾಗಿ 2013ರ ಡಿಸೆಂಬರಿನಲ್ಲಿ ಬಾಲಿಯಲ್ಲಿ ತಾತ್ಕಾಲಿಕ ರಕ್ಷಣೆ ದೊರೆಯಿತು. ಶಾಶ್ವತ ಪರಿಹಾರ ದೊರೆಯುವವರೆಗೂ ಅದು ನಡೆಯತಕ್ಕದ್ದೆಂದು 2014ರ ನವೆಂಬರಿನಲ್ಲಿ ತೀರ್ಮಾನವಾಯಿತು. 1990ರ ದಶಕದ ಆದಿಯಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರೈತ ಸಂಘವು ಡಂಕೆಲ್ ಕರಡನ್ನು ವಿರೋಧಿಸಿ ಬೀದಿಗಿಳಿದಾಗ ನಕ್ಕವರು ಈಗಲಾದರೂ ಯೋಚಿಸಲಿ.

ಆ ಶಾಶ್ವತ ಪರಿಹಾರವು 2024ರ ಅಬುಧಾಬಿ ಸಭೆಯಲ್ಲಿಯೂ ದೊರೆಯಲಿಲ್ಲ. ಸಿರಿವಂತ ರಾಷ್ಟ್ರಗಳ ಹಟವೊಂದೇ ಇದಕ್ಕೆ ಕಾರಣವೆಂದರೆ ಅರ್ಧ ಸತ್ಯವಾದೀತು. ಲೋಕದಲ್ಲಿ ಅತ್ಯಧಿಕ ಅಕ್ಕಿಯನ್ನು ರಫ್ತು ಮಾಡುವ ದೇಶ ನಮ್ಮದು. ನೆರವಿನಿಂದ ಕೊಂಡ ನಮ್ಮ ದಾಸ್ತಾನು ಪರದೇಶದ ಪೇಟೆಗೆ ಹರಿದೀತೆಂಬ ಭಯ ಥಾಯ್ಲೆಂಡಿನಂತಹ ದೇಶಗಳಿಗಿದೆ. ಅಲ್ಲಿಯೂ ಕೆಸರು ತುಳಿಯುವ ರೈತರಿದ್ದಾರೆ.

ಆದಕಾರಣ ಸರ್ಕಾರದವರು ಎರಡು ಕೆಲಸಗಳನ್ನು ಒಟ್ಟಿಗೆ ಮಾಡತಕ್ಕದ್ದು. ದಾಸ್ತಾನಿನ ಲೆಕ್ಕವನ್ನು ಬಿಚ್ಚಿಟ್ಟು, ಬಡವರ ಪಾಲಿನ ಅಕ್ಕಿಯು ರಫ್ತಾಗದೆಂದು ಖಚಿತವಾದ ವಚನ ಕೊಡಲಿ. ಆ ವಚನದ ಬಲದಿಂದಲೇ ಹಳೆಯ ಅಳತೆಗೋಲನ್ನು ಬದಲಿಸಲೇಬೇಕೆಂದು ಪಟ್ಟು ಹಿಡಿಯಲಿ. ನೆರೆಯವನ ಗದ್ದೆಗೆ ನೀರು ಬಿಡದವನು ಕಾಲುವೆಯ ದುರಸ್ತಿಗೆ ಜನರನ್ನು ಕರೆದರೆ ಯಾರೂ ಬಾರರು. ಈ ಮಾತು ನಮ್ಮ ರೈತರಿಗೆ ಹೊಸದಲ್ಲ; ದೆಹಲಿಯವರಿಗೂ ತಿಳಿಯಲಿ.