ಜೋಲಿಯ ಕೆಳಗಿನ ಕೌದಿ



ಚಳಿಗಾಲದಲ್ಲಿ ಮೈಯನ್ನು ಬೆಚ್ಚಗಿಟ್ಟುಕೊಳ್ಳುವ ಬಗೆಯನ್ನು ನಮ್ಮ ಮನೆತನಗಳ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ವಿಜಯಪುರ, ಬೀದರ, ಕಲಬುರ್ಗಿಗಳ ಕಡೆ ಪುಷ್ಯಮಾಸದ ಇರುಳಿನಲ್ಲಿ ಉಷ್ಣಮಾನವು 10 ಡಿಗ್ರಿಯ ಆಸುಪಾಸಿಗೆ ಇಳಿಯಿತೆಂದರೆ ಅಟ್ಟದ ಮೇಲಿನ ಕೌದಿ ಕಂಬಳಿಗಳು ಕೆಳಗೆ ಬರುತ್ತವೆ, ಕೂಸುಗಳ ತಲೆಗೆ ಕುಲಾವಿ ಏರುತ್ತದೆ. ಆದರೆ ಇಂದು ನಮ್ಮ ಮಕ್ಕಳು ಮೊಮ್ಮಕ್ಕಳು ನಾವು ಕಂಡರಿಯದ ಚಳಿಯ ನಾಡುಗಳಲ್ಲಿ ಹೋಗಿ ನೆಲೆಸಿದ್ದಾರೆ. ಅಲ್ಲಿಯ ಚಳಿಯೂ ಬೇರೆ, ಅಲ್ಲಿಯ ಎಳೆಯರ ಹವ್ಯಾಸಗಳೂ ಬೇರೆ. ಅಂಥದೊಂದು ಹವ್ಯಾಸವು ನಮ್ಮ ಮನೆಯಲ್ಲಿ ಎಬ್ಬಿಸಿದ ಆತಂಕವನ್ನೂ ಅದರಿಂದ ನಾವು ಕಲಿತ ಪಾಠವನ್ನೂ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ.

ನನ್ನ ಮಗಳ ಸಂಸಾರವು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿದೆ. 2023ರ ಕೊನೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆನು. ಹದಿನಾರು ವರ್ಷದ ಮೊಮ್ಮಗನು ಡಿಸೆಂಬರಿನ ಒಂದು ಶನಿವಾರ, ಗೆಳೆಯರಿಬ್ಬರು ಮತ್ತು ಅವರಲ್ಲೊಬ್ಬನ ತಂದೆಯೊಡನೆ, ಉತ್ತರದ ಬೆಟ್ಟಗಳಲ್ಲಿ ಒಂದಿರುಳು ಕಳೆಯಲು ಹೊರಟನು. ಅಪಲೇಚಿಯನ್ ಎಂಬ ಆ ಪರ್ವತಸಾಲಿನಲ್ಲಿ 1937ರಲ್ಲಿ ಪೂರ್ಣಗೊಂಡ ಪ್ರಸಿದ್ಧವಾದ ಕಾಲುದಾರಿಯೊಂದಿದೆ. ಅದು ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಆರಂಭವಾಗಿ 14 ರಾಜ್ಯಗಳನ್ನು ಹಾದು, ಸುಮಾರು 3,500 ಕಿಲೋಮೀಟರು ಸಾಗಿ, ಮೇನ್ ರಾಜ್ಯದ ಕಟಾಡಿನ್ ಬೆಟ್ಟದಲ್ಲಿ ಮುಗಿಯುತ್ತದೆ. ಆ ದಾರಿಯುದ್ದಕ್ಕೂ ಕಾಡು ದಟ್ಟ. ನೆಲವೋ ಇಳಿಜಾರು, ಕಲ್ಲು, ಬೇರು, ತೇವ. ಡೇರೆ ಹೊಡೆಯಲು ಸಮನಾದ ಜಾಗ ಸಿಗುವುದು ದುರ್ಲಭ. ಆದ್ದರಿಂದ ಅನೇಕರು ಎರಡು ಮರಗಳ ನಡುವೆ ಬಟ್ಟೆಯ ಜೋಲಿಯನ್ನು ಕಟ್ಟಿ, ಮೇಲೆ ತೆಳುವಾದ ತಾಡಪತ್ರಿಯನ್ನು ಬಿಗಿದು ಮಲಗುತ್ತಾರೆ. ಇದನ್ನೇ ಅವರು ಹ್ಯಾಮಕ್ ಎನ್ನುವುದು.

ಈ ಜೋಲಿಯ ಹುಟ್ಟೂರು ಬಿಸಿಲಿನ ನಾಡು. 1492ರಲ್ಲಿ ಕೊಲಂಬಸನು ಕೆರಿಬಿಯನ್ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ಮೂಲನಿವಾಸಿಗಳು ಹತ್ತಿಯ ಬಲೆಗಳನ್ನು ತೂಗಿಬಿಟ್ಟು ಮಲಗುತ್ತಿದ್ದುದನ್ನು ಕಂಡನು. ಹ್ಯಾಮಕ್ ಎಂಬ ಹೆಸರೂ ಟೈನೋ ಎಂಬ ಆ ಜನರ ನುಡಿಯಿಂದಲೇ ಬಂದುದು. ಮುಂದೆ ಯುರೋಪಿನ ನಾವಿಕರು ಅದನ್ನು ಹಡಗುಗಳಿಗೆ ಒಯ್ದರು. ನೆಲದ ಹುಳುಹುಪ್ಪಡಿ, ತೇವ ತಗುಲದಂತೆ, ಬೆನ್ನ ಕೆಳಗೆ ಗಾಳಿಯಾಡುವಂತೆ ಮಲಗುವುದೇ ಅದರ ಗುಣ. ಬೇಸಿಗೆಯಲ್ಲಿ ಗುಣವಾದುದೇ ಚಳಿಯಲ್ಲಿ ದೋಷವಾಗುತ್ತದೆ. ದಕ್ಷಿಣ ಅಮೆರಿಕದ ಯಾನೊಮಾಮಿ ಎಂಬ ಕಾಡುಜನರು ಇಂದಿಗೂ ಇರುಳಿನ ತಂಪಿಗೆ ಜೋಲಿಗಳ ಮಗ್ಗುಲಲ್ಲಿ ಬೆಂಕಿಯನ್ನು ಕಾಯ್ದಿಡುತ್ತಾರೆ.

ಈ ಮರ್ಮವನ್ನರಿಯದ ನನ್ನ ಮೊಮ್ಮಗನು ಬೆಲೆಬಾಳುವ ಮಲಗುಚೀಲವೊಂದನ್ನು ನಂಬಿ ಹೋಗಿದ್ದನು. ಇರುಳು ಎರಡು ಗಂಟೆಯ ಹೊತ್ತಿಗೆ ಬೆನ್ನು, ಸೊಂಟ, ತೊಡೆಗಳು ಕೊರೆಯತೊಡಗಿ, ನಡುಕ ನಿಲ್ಲದಾಯಿತು. ಹಿರಿಯರು ಎಚ್ಚೆತ್ತು, ಇದ್ದ ಬಟ್ಟೆಗಳನ್ನೆಲ್ಲ ತೊಡಿಸಿ, ಬಿಸಿಯಾದ ಪಾನೀಯ ಕುಡಿಸಿ, ಬೆಳಗಾಗುವ ಮುನ್ನವೇ ಕೆಳಗಿಳಿಸಿ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಹುಡುಗನ ಬಾಟಲಿಯ ಕಂಠದಲ್ಲಿ ನೀರು ಇನ್ನೂ ಹೆಪ್ಪುಗಟ್ಟಿಯೇ ಇತ್ತು.

ಮಗಳು ಅಂದೇ ತೀರ್ಮಾನ ಕೊಟ್ಟಳು: “ಅವ್ವಾ, ಇನ್ನ ಮುಂದ ಇವನು ಚಳಿಗಾಲದಾಗ ಗುಡ್ಡಕ್ಕ ಹೋಗೂದು ಬ್ಯಾಡ. ಮನಿಯಾಗ ಮಂಚ ಇಲ್ಲೇನು?”

ತಾಯಿಯ ಭಯ ಸುಳ್ಳಲ್ಲ. ಮನುಷ್ಯದೇಹದ ಒಳಗಿನ ಉಷ್ಣತೆಯು 37 ಡಿಗ್ರಿಯ ಸುಮಾರಿಗಿರುತ್ತದೆ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಕಾಲು ಎಡವುವುದು, ಗುಂಡಿ ಹಾಕಿಕೊಳ್ಳಲೂ ಬೆರಳು ಬಾರದಿರುವುದು, ಬುದ್ಧಿ ಮಂಕಾಗುವುದು. ನಡೆದಾಡಿ ಮೈ ಬಿಸಿಮಾಡಿಕೊಳ್ಳದೆಯೇ ನಡುಕವು ತಾನಾಗಿ ನಿಂತುಹೋದರೆ ಅದು ಸಮಾಧಾನದ ಲಕ್ಷಣವಲ್ಲ, ಅಪಾಯದ ಲಕ್ಷಣ. ಇವೆಲ್ಲವೂ ಸೊನ್ನೆ ಡಿಗ್ರಿಗಿಂತ ಮೇಲಿನ ಚಳಿಯಲ್ಲಿಯೂ, ಒದ್ದೆಬಟ್ಟೆ ಮತ್ತು ಗಾಳಿ ಕೂಡಿದರೆ, ಸಂಭವಿಸಬಲ್ಲವು.

ಆದರೆ ಮೊಮ್ಮಗನು ನನ್ನ ಬಳಿ ಕುಳಿತು ಹೇಳಿದ ಒಂದು ಮಾತು ನನ್ನನ್ನು ಚಿಂತನೆಗೆ ಹಚ್ಚಿತು. “ಅಜ್ಜಿ, ಎದಿ ಬೆಚ್ಚಗ ಇತ್ತು. ಚಳಿ ಕೆಳಗಿಂದ ಬಂತು.”

ನಲವತ್ತೈದು ವರ್ಷಗಳ ಹಿಂದಿನ ಒಂದು ಇರುಳು ನೆನಪಾಯಿತು. ಹೊಸದಾಗಿ ಬಾಣಂತಿತನ ಮುಗಿಸಿ ಗಂಡನ ಮನೆಗೆ ಬಂದಿದ್ದ ನಾನು, ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸನ್ನು ಮಲಗಿಸಿ, ಮೇಲೆ ಎರಡು ದುಪ್ಪಟಿ ಹೊದಿಸಿದ್ದೆನು. ಆದರೂ ಕೂಸು ಅಳು ನಿಲ್ಲಿಸಲೊಲ್ಲದು. ಎದ್ದು ಬಂದ ಅತ್ತೆಯವರು ಕೂಸಿನ ಮುಖವನ್ನು ನೋಡದೆ ಜೋಲಿಯ ತಳಕ್ಕೆ ಅಂಗೈ ಹಚ್ಚಿ ನೋಡಿದರು. “ಮ್ಯಾಲೆ ಹೊಚ್ಚಿದಿ. ಕೆಳಗ ಹಾಸಿದೇನು?” ಎಂದರು. ಕೌದಿಯ ತುಂಡನ್ನು ಮಡಚಿ ಕೂಸಿನ ಕೆಳಗಿಟ್ಟೊಡನೆ ಅಳು ನಿಂತಿತು. ಆ ಕೂಸೇ ಇಂದು ಮಗನನ್ನು ಬೆಟ್ಟಕ್ಕೆ ಕಳುಹಿಸೆನೆಂದು ಹಟ ಹಿಡಿದ ನನ್ನ ಮಗಳು.

ಅತ್ತೆಯವರ ಮಾತಿನಲ್ಲಿದ್ದ ವಿಜ್ಞಾನವನ್ನು ಅಳಿಯಂದಿರು ವಿವರಿಸಿದರು. ನಮ್ಮನ್ನು ಬೆಚ್ಚಗಿಡುವುದು ಹೊದಿಕೆಯ ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿ. ಹೊದಿಕೆ ಉಬ್ಬಿದಷ್ಟೂ ಬೆಚ್ಚಗೆ. ಮಲಗುಚೀಲದ ಮೇಲ್ಭಾಗವು ಉಬ್ಬಿ ನಿಂತಿರುತ್ತದೆ. ಕೆಳಭಾಗವೋ ಮೈಭಾರಕ್ಕೆ ಚಪ್ಪಟೆಯಾಗಿ, ಗಾಳಿಯೆಲ್ಲ ಹೊರಗೆ ಹೋಗಿ, ಬರಿಯ ಅರಿವೆಯಾಗಿಬಿಡುತ್ತದೆ. ನೆಲದ ಮೇಲೆ ಮಲಗುವವರು ಅದರಡಿ ಚಾಪೆ ಹಾಸುತ್ತಾರೆ. ಮಲಗುಚೀಲಗಳ ಮೇಲೆ ಇಷ್ಟು ಡಿಗ್ರಿಯವರೆಗೆ ಸುಖಕರ ಎಂದು ಅಚ್ಚಾಗಿರುವ ಅಂಕೆಯನ್ನೂ, ಚಾಪೆಯ ಮೇಲೆ ಚೀಲವನ್ನಿಟ್ಟು ಅದರೊಳಗೆ ಬಿಸಿಮಾಡಿದ ಗೊಂಬೆಯನ್ನು ಮಲಗಿಸಿಯೇ ಅಳೆಯುತ್ತಾರೆ. ಜೋಲಿಯಲ್ಲಿ ಚಾಪೆಯಿಲ್ಲ, ಮೇಲಾಗಿ ತಳದ ಕೆಳಗೆ ತಣ್ಣನೆಯ ಗಾಳಿ ಸತತವಾಗಿ ಬೀಸುತ್ತದೆ. ಆ ಅಂಕೆಯನ್ನು ಅಲ್ಲಿ ನಂಬುವಂತಿಲ್ಲ.

ಕೂಸಿನ ಮೈಭಾರ ಅಲ್ಪ. ಅದರ ಕೆಳಗಿಟ್ಟ ಕೌದಿ ಹೆಚ್ಚು ಅಮುಕುವುದಿಲ್ಲ. ಅರುವತ್ತು ಕಿಲೋ ತೂಗುವ ಹುಡುಗನ ಕೆಳಗೆ ಅದೂ ಚಪ್ಪಟೆಯೇ. ಆದ್ದರಿಂದ ಜೋಲಿಯ ಒಳಗೆ ಹಾಸುವ ಬದಲು ಜೋಲಿಯ ಹೊರಗೆ, ತಳಕ್ಕೆ ತಾಗಿದಂತೆ, ಇನ್ನೊಂದು ದಪ್ಪ ಹೊದಿಕೆಯನ್ನು ತೂಗಿಬಿಡುತ್ತಾರೆ. ಮೈಭಾರ ಅದರ ಮೇಲೆ ಬೀಳದು. ಅದು ಉಬ್ಬಿಯೇ ಉಳಿದು ಬೆನ್ನನ್ನು ಕಾಯುತ್ತದೆ. ಅಂಡರ್‌ಕ್ವಿಲ್ಟ್ ಎಂದು ಅದರ ಹೆಸರು. ನಾನು ಅದನ್ನು ಕೆಳಗಿನ ಕೌದಿ ಎಂದೇ ಕರೆದೆನು.

ಮಗಳನ್ನು ಒಪ್ಪಿಸುವ ಮೊದಲು ನಾವು ಅದನ್ನು ಹಿತ್ತಿಲಲ್ಲಿ ಪರೀಕ್ಷಿಸಲು ನಿಶ್ಚಯಿಸಿದೆವು. ಹಿತ್ತಿಲಲ್ಲಿ ನಾಲ್ಕೈದು ಮೀಟರು ಅಂತರದ ಎರಡು ಓಕ್ ಮರಗಳಿದ್ದವು. ಅಗಲವಾದ ಪಟ್ಟಿಗಳನ್ನು ಮರಕ್ಕೆ ಸುತ್ತಿ ಜೋಲಿಯನ್ನು ಕಟ್ಟಿದನು. ಸಣ್ಣ ಹಗ್ಗವಾದರೆ ತೊಗಟೆ ಗಾಯಗೊಳ್ಳುತ್ತದೆ. ಹಗ್ಗವನ್ನು ಬಿಗಿಯಾಗಿ ಎಳೆಯದೆ ಸುಮಾರು 30 ಡಿಗ್ರಿಯ ಕೋನದಲ್ಲಿ ಇಳಿಬಿಟ್ಟು, ಜೋಲಿಯಲ್ಲಿ ಓರೆಯಾಗಿ ಮಲಗಿದರೆ ಬೆನ್ನು ಬಿಲ್ಲಿನಂತೆ ಬಾಗದೆ ಸಮನಾಗಿರುತ್ತದೆ. ನಾನು ಊರಿನಿಂದ ಒಯ್ದಿದ್ದ, ಹಳೆಯ ಇಳಕಲ್ಲ ಸೀರೆಗಳ ಕೌದಿಯ ನಾಲ್ಕು ಮೂಲೆಗಳಿಗೆ ಲಾಡಿ ಹೊಲಿದು ಜೋಲಿಯ ಕೆಳಗೆ ತೂಗಿದೆವು.

ಮೊದಲ ಇರುಳು ಸೋತೆವು. ಕೌದಿಗೂ ಜೋಲಿಗೂ ನಡುವೆ ನಾಲ್ಕು ಬೆರಳಿನ ಸಂದು ಉಳಿದು, ತಣ್ಣನೆಯ ಗಾಳಿ ಒಳನುಗ್ಗಿತು. ಹುಡುಗನು ನಡುರಾತ್ರಿಗೆ ಮನೆಯೊಳಗೆ ಬಂದನು. ಮರುದಿನ ಲಾಡಿಗಳನ್ನು ಬಿಗಿದು, ಎರಡೂ ತುದಿಗಳನ್ನು ಚೀಲದ ಬಾಯಿಯಂತೆ ನೆರಿಗೆ ಹಿಡಿದು ಕಟ್ಟಿದೆನು. ಅಮುಕುವಷ್ಟು ಬಿಗಿಯಲ್ಲ, ಸಂದು ಬಿಡುವಷ್ಟು ಸಡಿಲವಲ್ಲ, ಬೆನ್ನಿಗೆ ಸೋಂಕಿದಂತಿರಬೇಕು. ಆ ಇರುಳು ಹುಡುಗನು ಬೆಳಗಿನವರೆಗೆ ಮಲಗಿದನು. ಬೆಳಿಗ್ಗೆ ಅವನಿಗಿಂತ ಮುಂಚೆ ಎದ್ದು ಹಿತ್ತಿಲಿಗೆ ಹೋದವಳು ಅವನ ತಾಯಿ. ಅವಳು ಜೋಲಿಗೂ ಕೌದಿಗೂ ನಡುವೆ ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು.

ಆದರೆ ನನ್ನ ಕೌದಿ ಬೆಟ್ಟಕ್ಕೆ ಹೋಗಲಿಲ್ಲ. ಅದು ಭಾರ, ಅಲ್ಲದೆ ಹತ್ತಿಯು ಇಬ್ಬನಿಯನ್ನೂ ಬೆವರನ್ನೂ ಹೀರಿಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಹತ್ತಿ ಒದ್ದೆಯಾದರೆ ಹೊದಿಕೆಯೇ ವೈರಿ. ಮಲಗುವಾಗ ತೊಡುವ ಬಟ್ಟೆಗೂ ಇದೇ ನಿಯಮ; ಉಣ್ಣೆ ಅಥವಾ ಕೃತಕ ನೂಲಿನ, ಒಣಗಿದ ಬಟ್ಟೆಯನ್ನು ಬೇರೆಯಾಗಿ ಕಟ್ಟಿಟ್ಟು, ಮಲಗುವಾಗ ಮಾತ್ರ ತೊಡಬೇಕು. ಪೇಟೆಯಲ್ಲಿ ದೊರೆಯುವ ಅತ್ಯಂತ ಹಗುರವಾದ ಕೆಳಹೊದಿಕೆಗಳಲ್ಲಿ ಬಾತುಕೋಳಿಗಳ ಮೃದುವಾದ ಪುಕ್ಕವನ್ನು ತುಂಬಿರುತ್ತಾರೆ. ಅದು ನಮ್ಮ ಮನೆತನದ ಆಚಾರಕ್ಕೆ ಒಗ್ಗದು. ಕೃತಕ ನೂಲು ತುಂಬಿದವೂ ಸಿಗುತ್ತವೆ. ತುಸು ಭಾರವಾದರೂ ತೇವ ತಗುಲಿದಾಗ ಪುಕ್ಕಕ್ಕಿಂತ ಅವೇ ಮೇಲು. ಅದನ್ನೇ ತಂದೆವು. ಅಷ್ಟು ವೆಚ್ಚ ಬೇಡವೆನ್ನುವವರು ನೀರು ಹೀರದ ಫೋಮ್ ಚಾಪೆಯನ್ನು ಜೋಲಿಯೊಳಗೆ ಹಾಸಬಹುದು. ಅದು ಮೈಭಾರಕ್ಕೆ ಚಪ್ಪಟೆಯಾಗದು. ಆದರೆ ನಿದ್ದೆಯಲ್ಲಿ ಜಾರುತ್ತದೆ, ಹೆಗಲುಗಳನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ.

ಮಿಕ್ಕ ಎಚ್ಚರಿಕೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿಯಷ್ಟು ಚಳಿ ಹೆಚ್ಚುತ್ತದೆ. ಅಟ್ಲಾಂಟಾ ಇರುವುದು ಸುಮಾರು 320 ಮೀಟರು ಎತ್ತರದಲ್ಲಿ, ಸ್ಪ್ರಿಂಗರ್ ಬೆಟ್ಟ 1,150 ಮೀಟರು. ನಗರದ ಹವಾವರ್ತಮಾನವನ್ನು ನೋಡಿ ಬೆಟ್ಟಕ್ಕೆ ಹೋಗಬಾರದು. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರಿನ ಗಾಳಿ ಬೀಸಿದರೆ ತೆರೆದ ಮೈಗೆ ಅದು ಸೊನ್ನೆಗಿಂತ 6 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಆದ್ದರಿಂದ ಶಿಖರದ ಬಯಲೂ ಬೇಡ, ತಣ್ಣನೆಯ ಗಾಳಿ ಇಳಿದು ನಿಲ್ಲುವ ಕಣಿವೆಯ ತಳವೂ ಬೇಡ. ಗಾಳಿಗೆ ಮರೆಯಾದ ನಡುಬೆಟ್ಟವೇ ಲೇಸು. ತಲೆಯ ಮೇಲೆ ಒಣಕೊಂಬೆಗಳಿಲ್ಲದ, ಗಟ್ಟಿಯಾದ ಮರಗಳನ್ನೇ ಆರಿಸಬೇಕು. ತಾಡಪತ್ರಿಯನ್ನು ತಗ್ಗಾಗಿ, ಗಾಳಿಗೆ ಅಡ್ಡವಾಗಿ ಕಟ್ಟಬೇಕು. ಜೋಲಿಯ ಹಗ್ಗಕ್ಕೆ ಒಂದು ದಾರವನ್ನು ಇಳಿಬಿಟ್ಟರೆ ಮಳೆಯ ನೀರು ಹಾಸಿಗೆಯವರೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಮಲಗುವ ಮುನ್ನ ಹೊಟ್ಟೆ ತುಂಬ ಉಣ್ಣಬೇಕು. ಜಿಡ್ಡಿನ ಆಹಾರವು ನಿಧಾನವಾಗಿ ಅರಗಿ ಇರುಳೆಲ್ಲ ಕಾವು ಕೊಡುತ್ತದೆ. ನಮ್ಮ ಶೇಂಗಾ ಉಂಡಿ, ತುಪ್ಪ ಸವರಿದ ಹೋಳಿಗೆಗಳು ಇದಕ್ಕೆ ತಕ್ಕವು. ಆದರೆ ಆ ಬೆಟ್ಟಗಳಲ್ಲಿ ಕರಡಿಗಳಿರುವುದರಿಂದ ತಿನಿಸನ್ನು ಹಾಸಿಗೆಯಲ್ಲಿಡದೆ ದೂರದಲ್ಲಿ, ಎತ್ತರದಲ್ಲಿ ತೂಗುಹಾಕಬೇಕು. ಭದ್ರವಾದ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದಲ್ಲಿಟ್ಟು, ತೊಡೆಗಳ ನಡುವೆ ಇರಿಸಿಕೊಂಡರೆ ಅನೇಕ ಗಂಟೆಗಳ ಕಾಲ ಹಿತ. ಉಸಿರಿನ ತೇವ ಹೊದಿಕೆಗೆ ಸೇರುವುದರಿಂದ ಮುಖವನ್ನು ಮುಸುಕಿನೊಳಗೆ ಹುದುಗಿಸಬಾರದು. ತಲೆಗೆ ಟೊಪ್ಪಿಗೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಿದ ತಾಡಪತ್ರಿಯೊಳಗೆ ಒಲೆ ಹೊತ್ತಿಸಬಾರದು. ಬೆಂಕಿಯ ಭಯ ಒಂದು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಭಯ ಇನ್ನೊಂದು. ನಮ್ಮ ನಾಡಿನಲ್ಲಿಯೂ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಗ್ಗೆ ಏಳದಿರುವುದನ್ನು ಕೇಳಿದ್ದೇವೆ.

ಫೆಬ್ರುವರಿಯಲ್ಲಿ ಹುಡುಗನು ಮತ್ತೆ ಹೊರಟನು. ತಾಯಿ ಮೂರು ಕರಾರುಗಳನ್ನು ಹಾಕಿದ್ದಳು: ಜೊತೆಗೆ ತಿಳಿದ ಹಿರಿಯರಿರಬೇಕು, ಹಿತ್ತಿಲಲ್ಲಿ ಪರೀಕ್ಷಿಸದ ಯಾವ ವಸ್ತುವನ್ನೂ ಕಾಡಿನಲ್ಲಿ ನಂಬಬಾರದು, ನಡುಕ ಹಿಡಿದರೆ ಮಾನಾಪಮಾನಗಳನ್ನು ಲೆಕ್ಕಿಸದೆ ಕೂಡಲೇ ಇತರರನ್ನು ಎಬ್ಬಿಸಬೇಕು. ಇರುಳೆಲ್ಲ ಅವಳೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಭಾನುವಾರ ಮಧ್ಯಾಹ್ನ ಹುಡುಗನು ನಗುತ್ತ ಬಂದು, ಹಸಿದಿದ್ದೇನೆ ಎಂದನು. ಚಳಿಯ ಮಾತನ್ನೇ ಎತ್ತಲಿಲ್ಲ.

ಬಂಧುಗಳೇ, ಮಕ್ಕಳನ್ನು ಕಟ್ಟಿಹಾಕಿ ಕಾಯುವುದು ಒಂದು ದಾರಿ, ಕಲಿಸಿ ಕಳುಹಿಸುವುದು ಇನ್ನೊಂದು. ಎರಡನೆಯದರಲ್ಲಿ ಹಿರಿಯರ ನಿದ್ದೆ ಕೆಡುತ್ತದೆ, ನಿಜ. ಆದರೆ ದೂರದ ಚಳಿನಾಡಿನಿಂದ ಮಗನೋ ಮೊಮ್ಮಗಳೋ ದೂರವಾಣಿಯಲ್ಲಿ ಬೆಟ್ಟಕ್ಕೆ ಹೋಗುವೆವೆಂದು ಹೇಳಿದಾಗ, ಹೋಗಬೇಡವೆನ್ನುವ ಮೊದಲು ನಮ್ಮ ಅತ್ತೆಯವರ ಆ ಪ್ರಶ್ನೆಯನ್ನು ಕೇಳಿರಿ. ಮೇಲೆ ಹೊದೆಯುವುದನ್ನು ಯಾರೂ ಮರೆಯುವುದಿಲ್ಲ. ಕೆಳಗೆ ಹಾಸುವುದನ್ನು ನೆನಪಿಸಲು ಮನೆಯಲ್ಲಿ ಹಿರಿಯರೊಬ್ಬರಿರಬೇಕು.