ಔಷಧದಂಗಡಿಯ ಅಭ್ಯಾಸ ಪಾಠ

ಅಧ್ಯಾಪಕನಾಗ ಹೊರಟವನಿಗೆ ಪುಸ್ತಕಗಳನ್ನು ಓದಿಸಿ ನೇರವಾಗಿ ತರಗತಿಗೆ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ. ಅವನು ಅಭ್ಯಾಸ ಪಾಠಗಳನ್ನು ಮಾಡಬೇಕು. ಹಿಂದಿನ ಬೆಂಚಿನಲ್ಲಿ ಕುಳಿತ ಮೇಲ್ವಿಚಾರಕರು ತಪ್ಪುಗಳನ್ನು ಗುರುತು ಹಾಕಿಕೊಳ್ಳುವುದನ್ನು ಸಹಿಸಬೇಕು. ರೋಗಿಯ ಕೈಗೆ ಔಷಧ ಕೊಡುವವನಿಗೆ ಇಂಥದೇನಾದರೂ ಉಂಟೆ? ಮಗನನ್ನು ಫಾರ್ಮಸಿ ಓದಿಸಬೇಕೆಂದಿರುವ ಮಕ್ತಲದ ಪಾಲಕರೊಬ್ಬರು ಹೀಗೆ ಕೇಳಿದ್ದಾರೆ. ಪ್ರಶ್ನೆ ಅವರೊಬ್ಬರದಲ್ಲ.

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ನಮ್ಮವರಲ್ಲಿ ಅನೇಕರು ಕಾಯಿಲೆ ಬಲವಾದರೆ ರಾಯಚೂರಿಗೆ ಹೋಗುತ್ತಾರೆ. ವೈದ್ಯರು ಕನ್ನಡದಲ್ಲಿ ಮಾತನಾಡಿ ಇಂಗ್ಲಿಷಿನಲ್ಲಿ ಚೀಟಿ ಬರೆಯುತ್ತಾರೆ. ಮುಂದಿನ ತಿಂಗಳ ಗುಳಿಗೆಗಳನ್ನು ಊರ ಹತ್ತಿರ ಕೊಳ್ಳುವಾಗ ಅಂಗಡಿಯಲ್ಲಿ ತೆಲುಗು. ‘ಪರಗಡುಪುನ ತೆಗೆದುಕೊಳ್ಳಿ’ ಎಂದರೆ ಹಸಿದ ಹೊಟ್ಟೆಯಲ್ಲಿ ಎಂದು ತಿಳಿಯದ ಮುದುಕಿಯೂ ತಲೆಯಾಡಿಸಿ ಬರುತ್ತಾಳೆ. ಕೇಳಿದರೆ ಅಂಗಡಿಯವರು ಏನಂದುಕೊಂಡಾರೋ ಎಂಬ ಸಂಕೋಚ ಬೇರೆ.

ಇದು ಸಣ್ಣ ಮಾತಲ್ಲ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ದಿನವೂ ನುಂಗಿದರೆ ಎಲುಬಿನೊಳಗಿನ ಮಜ್ಜೆ ಕೆಟ್ಟು ಪ್ರಾಣಕ್ಕೇ ಅಪಾಯ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಕೇಡಿಲ್ಲ. ಆದರೆ ಮೊದಲೇ ಹೇಳದಿದ್ದರೆ ರೋಗಿ ರಕ್ತವೆಂದು ಹೆದರಿ ಔಷಧ ನಿಲ್ಲಿಸುತ್ತಾನೆ, ಕ್ಷಯ ಮರುಕಳಿಸುತ್ತದೆ. ಬಸುರಿಯರು ಕಬ್ಬಿಣದ ಗುಳಿಗೆಯನ್ನು ಚಹದೊಂದಿಗೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ. ಇವನ್ನೆಲ್ಲ ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳುವುದೂ ಔಷಧ ಕೊಡುವುದರ ಭಾಗವೇ.

1948ರ ಫಾರ್ಮಸಿ ಕಾಯಿದೆಯ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು. ರೋಗಿಗೆ ತಿಳಿವಳಿಕೆ ಹೇಳುವುದೂ ಅವರ ಕರ್ತವ್ಯವೆಂದು 2015ರ ವೃತ್ತಿ ನಿಯಮಾವಳಿ ಸ್ಪಷ್ಟಪಡಿಸಿತು. ಎರಡು ವರ್ಷಗಳ ಡಿಪ್ಲೊಮಾ ಓದಿದವರಿಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯಿದೆ. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಮುಂದೆ ನಿಂತು ಗುಳಿಗೆ ಎಣಿಸುವ ಹುಡುಗ ಇನ್ನೊಬ್ಬ ಎಂಬ ನೋಟ ವಾಚಕರಿಗೆ ಹೊಸದೇನಲ್ಲ, ಅದನ್ನು ಬೆಳೆಸುವುದಿಲ್ಲ.

ಇದಕ್ಕಿಂತ ದೀರ್ಘವಾದ ಅಭ್ಯಾಸಕ್ಕೆ ದಾರಿ ತೆರೆದದ್ದು 2008ರಲ್ಲಿ ಬಂದ ಫಾರ್ಮ್.ಡಿ. ಪದವಿ. ಐದು ವರ್ಷ ಓದು, ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ: ಆರು ತಿಂಗಳು ಸಾಮಾನ್ಯ ವೈದ್ಯ ವಿಭಾಗ, ಉಳಿದ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಬಿ.ಫಾರ್ಮ್. ಮುಗಿಸಿದವರಿಗೂ ಮೂರು ವರ್ಷಗಳ ಮಾರ್ಗವುಂಟು. ಅದರ ಕೊನೆಯ ವರ್ಷವೂ ಹೀಗೆಯೇ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು ಇದಕ್ಕೂ ಮೊದಲೇ, 1990ರ ದಶಕದಲ್ಲಿ, ಈ ಬಗೆಯ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿ ವಿದ್ಯಾರ್ಥಿಗಳನ್ನು ವೈದ್ಯರೊಡನೆ ರೋಗಿಯ ಹಾಸಿಗೆಯ ಬಳಿಗೆ ಕಳುಹಿಸಿತು.

ಉತ್ತಮ ಕೆಲಸವೇ. ಆದರೂ ನನ್ನದೊಂದು ಆಕ್ಷೇಪವಿದೆ. ಈ ಪದವಿಗೆ ಮುನ್ನೂರು ಹಾಸಿಗೆಗಳ ಆಸ್ಪತ್ರೆ ಬೇಕೆಂದು ನಿಯಮ ಹೇಳುತ್ತದೆ. ಹನ್ನೆರಡು ತಿಂಗಳ ಈ ಹಂಚಿಕೆಯಲ್ಲಿ ಊರ ಔಷಧದಂಗಡಿಗೆಂದು ಒಂದು ತಿಂಗಳೂ ಇಲ್ಲ. ಪಟ್ಟಣದ ಮಾದರಿ ಶಾಲೆಯಲ್ಲಿ ಮಾತ್ರ ಅಭ್ಯಾಸ ಪಾಠ ಮಾಡಿದವನಿಗೆ ಏಕೋಪಾಧ್ಯಾಯ ಶಾಲೆ ಕೊಟ್ಟಂತೆ ಇದು. ಅಮೆರಿಕದಲ್ಲಿ 1980ರ ದಶಕದಿಂದಲೂ ಅಂಗಡಿಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟರಿಗೆಂದೇ ಪದವಿಯ ನಂತರದ ಒಂದು ವರ್ಷದ ವಾಸ್ತವ್ಯ ತರಬೇತಿಯಿದೆ. ಕೆಲವರು ಅದನ್ನು ಬಡವರ ಚಿಕಿತ್ಸಾಲಯಗಳಲ್ಲಿ ನಡೆಸುತ್ತಾರೆ. ಅಲ್ಲಿಯ ಆಶ್ವಿಲ್ ಪಟ್ಟಣದಲ್ಲಿ, 1996ರಲ್ಲಿ ಶುರುವಾದ ಯೋಜನೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ನೌಕರರನ್ನು ಅಂಗಡಿಯ ಫಾರ್ಮಸಿಸ್ಟರು ಕೂರಿಸಿಕೊಂಡು ವಿಚಾರಿಸತೊಡಗಿದರು. ಸಕ್ಕರೆ ಹತೋಟಿಗೆ ಬಂದಿತು, ಚಿಕಿತ್ಸೆಯ ಒಟ್ಟು ವೆಚ್ಚವೂ ತಗ್ಗಿತು.

2024ರಲ್ಲಿ ನಾರಾಯಣಪೇಟೆ, ಗದ್ವಾಲಗಳೆರಡರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು. ದೊಡ್ಡ ಆಸ್ಪತ್ರೆಗಳಲ್ಲಿ ಆರನೆಯ ವರ್ಷ ಕಳೆಯುವ ವಿದ್ಯಾರ್ಥಿಗಳನ್ನು ಎರಡು ತಿಂಗಳು ಈ ಕಡೆಗೂ ಕಳುಹಿಸಿ, ಕೃಷ್ಣಾ, ಮಕ್ತಲಗಳ ಆರೋಗ್ಯ ಕೇಂದ್ರಗಳಲ್ಲಿಯೂ ಅಂಗಡಿಗಳಲ್ಲಿಯೂ ಕೂರಿಸಿದರೆ ಎರಡೂ ನುಡಿಗಳ ರೋಗಿಗಳು ಅವರಿಗೆ ಸಿಗುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡಿ ಬೆಳೆದ ನಮ್ಮ ಮಕ್ಕಳಿಗೆ ಈ ಕೆಲಸದಲ್ಲಿ ಯಾರಿಗೂ ಇಲ್ಲದ ಅನುಕೂಲವುಂಟು.

ಇನ್ನು ಪಾಲಕರ ಪ್ರಶ್ನೆಗೆ. ಫಾರ್ಮ್.ಡಿ. ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತ ಅಥವಾ ಜೀವಶಾಸ್ತ್ರ ಓದಿರಬೇಕು. ಡಿಪ್ಲೊಮಾ ಮುಗಿಸಿದವರೂ ಸೇರಬಹುದು. ಬೋಧನೆ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದ ಹುಡುಗನಿಗೆ ಮೊದಲ ವರ್ಷ ಬಿಗಿಯಾದೀತು, ಬೇಸಿಗೆಯಲ್ಲಿಯೇ ರಸಾಯನಶಾಸ್ತ್ರದ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿಸಿರಿ. ಹಣ ಕಟ್ಟುವ ಮೊದಲು ಕಾಲೇಜಿನವರನ್ನು ಎರಡು ಮಾತು ಕೇಳಿರಿ: ಆರನೆಯ ವರ್ಷ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ವಿದ್ಯಾರ್ಥಿಯು ರೋಗಿಯೊಡನೆ ಮಾತನಾಡುತ್ತಾನೆಯೋ, ಬರೀ ಕಡತ ತುಂಬುತ್ತಾನೆಯೋ. ಸಾಧ್ಯವಾದರೆ ಒಂದು ದಿನ ಹೋಗಿ ಆ ವಾರ್ಡನ್ನು ಕಣ್ಣಾರೆ ನೋಡಿ ಬನ್ನಿರಿ.